ತೂಕ ಇಳಿದ ಮೇಲೆ ಉಳಿಯುವ ಚರ್ಮ: ಬೇರಿಯಾಟ್ರಿಕ್ ನಂತರದ ಎರಡನೇ ಸರ್ಜರಿಯ ಲೆಕ್ಕ

ದೋಹಾ: ನಾನು ಡಾಕ್ಟರ್ ಅಲ್ಲ, ಲೆಕ್ಕ ಬರೆಯುವವನು. ಬಿ.ಕಾಂ. ಮುಗಿಸಿ ಬಂದು ಹಲವು ವರ್ಷಗಳಿಂದ ಇಲ್ಲಿನ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟೆಂಟ್ ಆಗಿದ್ದೇನೆ. ಆರೋಗ್ಯದ ಬಗ್ಗೆ ಬರೆಯಲು ಕಾರಣ ನನ್ನ ಮೇಜಿನ ಡ್ರಾಯರಿನಲ್ಲಿರುವ ಒಂದು ನೀಲಿ ಫೈಲು. ಅದು ನಮ್ಮ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ಬಂಟ್ವಾಳ ಕಡೆಯ ಗೆಳೆಯನದ್ದು. ಬಿಲ್ಲು, ರಿಪೋರ್ಟು, ಇನ್ಶೂರೆನ್ಸ್ ಪತ್ರ ಎಲ್ಲ ಅದರಲ್ಲಿದೆ.

ಆತನ ಎತ್ತರ 170 ಸೆಂಟಿಮೀಟರ್, ತೂಕ 130 ಕಿಲೋ ಇತ್ತು. ಶುಗರ್, ಬಿಪಿ, ರಾತ್ರಿ ಗೊರಕೆ, ಏಣಿ ಹತ್ತಿದರೆ ಏದುಸಿರು. ಊರಿಗೆ ರಜೆಯಲ್ಲಿ ಹೋಗಿ ಹೊಟ್ಟೆ ಸಣ್ಣದು ಮಾಡುವ ಸ್ಲೀವ್ ಸರ್ಜರಿ ಮಾಡಿಸಿಕೊಂಡ. ಒಂದೂವರೆ ವರ್ಷದಲ್ಲಿ 82 ಕಿಲೋಗೆ ಇಳಿದ. ಶುಗರ್ ಮಾತ್ರೆ ನಿಂತಿತು. ನಾವೆಲ್ಲ ಖುಷಿಪಟ್ಟೆವು. ಆತ ಮಾತ್ರ ಒಂದು ದಿನ ಆಫೀಸಿಗೆ ಬಂದು ಬಾಗಿಲು ಹಾಕಿ ಹೇಳಿದ: "ಅಣ್ಣಾ, ತೂಕದ ಮಿಷನ್ ಪಾಸ್ ಮಾಡಿದೆ. ಕನ್ನಡಿ ಫೇಲ್ ಮಾಡ್ತಾ ಉಂಟು." ಅಂಗಿ ಎತ್ತಿ ತೋರಿಸಿದ. ಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಮೇಲೆ ಜೋತು ಬಿದ್ದಿತ್ತು. ಮಡಿಕೆಯ ಒಳಗೆ ಕೆಂಪಗೆ ಹುಣ್ಣಾಗಿತ್ತು.

ಆ ಚರ್ಮ ತೆಗೆಸಲು ಮತ್ತೊಂದು ಸರ್ಜರಿ ಆಯಿತು. ಅದರ ರಜೆಯ ಲೆಕ್ಕ ಹಾಕಿ ಕೊಟ್ಟವನು ನಾನೇ. 21 ದಿನದ ವಾರ್ಷಿಕ ರಜೆಯಲ್ಲಿ ಎಲ್ಲ ಮುಗಿಯುತ್ತದೆ ಅಂತ ಕಾಗದದಲ್ಲಿ ತೋರಿಸಿದ್ದೆ. ಆತ ವಾಪಸ್ ಬಂದ ವಾರದಲ್ಲೇ ಗೋದಾಮಿನಲ್ಲಿ ಕಾರ್ಟನ್ ಎತ್ತಿದ, ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತು. ಎರಡು ತಿಂಗಳು ಡ್ರೆಸ್ಸಿಂಗ್ ಮಾಡಿಸಬೇಕಾಯಿತು. ಡಾಕ್ಟರ್ ಕೆಲಸದಲ್ಲಿ ತಪ್ಪಿರಲಿಲ್ಲ, ನನ್ನ ಲೆಕ್ಕದಲ್ಲಿ ತಪ್ಪಿತ್ತು. ನಮ್ಮ ಜನರಲ್ಲಿ ಈಗ ತೂಕದ ಸರ್ಜರಿಗೆ ಹೋಗುವವರು ಹೆಚ್ಚಾಗುತ್ತಿದ್ದಾರೆ. ಅವರಿಗೆ ಇದು ಮೊದಲೇ ಗೊತ್ತಿರಲಿ ಅಂತ ಈ ಬರಹ.

ಮೊದಲ ಸರ್ಜರಿ: ಚುಟುಕಾಗಿ

ಬೇರಿಯಾಟ್ರಿಕ್ ಸರ್ಜರಿಯಲ್ಲಿ ಎರಡು ವಿಧ ಹೆಚ್ಚು ಪ್ರಚಲಿತ. ಸ್ಲೀವ್‌ನಲ್ಲಿ ಜಠರದ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕಿರಿದಾದ ನಳಿಗೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ.

ಯಾರಿಗೆ ಮಾಡಬೇಕು ಅಂತ ನೋಡಲು ಬಿಎಂಐ ಲೆಕ್ಕ ಬಳಸುತ್ತಾರೆ. ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು, ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಗೆಳೆಯನದ್ದು ಮೊದಲು 45 ಇತ್ತು, ಈಗ 28.4. ಹಲವು ವರ್ಷ 1991ರ ಅಮೆರಿಕದ ನಿಯಮವೇ ನಡೆಯುತ್ತಿತ್ತು: ಬಿಎಂಐ 40 ದಾಟಿರಬೇಕು, ಅಥವಾ 35 ದಾಟಿ ಜೊತೆಗೆ ಶುಗರ್‌ನಂಥ ಕಾಯಿಲೆ ಇರಬೇಕು. 2022ರಲ್ಲಿ ಬೇರಿಯಾಟ್ರಿಕ್ ಸರ್ಜನ್‌ಗಳ ಅಂತಾರಾಷ್ಟ್ರೀಯ ಸಂಘಟನೆಗಳು ಇದನ್ನು ಸಡಿಲಿಸಿದವು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಶುಗರ್, ಹೃದಯದ ತೊಂದರೆ ಬರುವುದರಿಂದ ಬಿಎಂಐ 27.5ರಿಂದಲೇ ಯೋಚಿಸಬಹುದು ಅಂತ ಹೇಳಿದವು.

ಕತಾರ್‌ನಲ್ಲಿ ಈ ಸರ್ಜರಿ ಅಪರೂಪವಲ್ಲ. ಹಮದ್ ಮೆಡಿಕಲ್ ಕಾರ್ಪೊರೇಷನ್‌ನಲ್ಲಿ ಬೇರಿಯಾಟ್ರಿಕ್ ಸರ್ಜರಿಯೂ ಇದೆ, ಪ್ಲಾಸ್ಟಿಕ್ ಸರ್ಜರಿಯೂ ಇದೆ. ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಬೊಜ್ಜು ಇಲ್ಲಿ ಎಷ್ಟು ದೊಡ್ಡ ಸಮಸ್ಯೆ ಅಂದರೆ, 2012ರಿಂದ ಪ್ರತಿವರ್ಷ ಫೆಬ್ರವರಿಯ ಎರಡನೇ ಮಂಗಳವಾರ ರಾಷ್ಟ್ರೀಯ ಕ್ರೀಡಾ ದಿನ ಅಂತ ಸರಕಾರಿ ರಜೆಯನ್ನೇ ಕೊಡುತ್ತಾರೆ. ನಮ್ಮವರ ಜೀವನವೂ ಬೊಜ್ಜಿಗೆ ಅನುಕೂಲವೇ: ತಡರಾತ್ರಿ ಪರೋಟ, ದಿನಕ್ಕೆ ಆರು ಕಡಕ್ ಚಹಾ, ಬಿಸಿಲಿಗೆ ಹೆದರಿ ಎಸಿ ಕೋಣೆಯಲ್ಲೇ ವಾಸ.

ಚರ್ಮ ಯಾಕೆ ಕುಗ್ಗುವುದಿಲ್ಲ?

ಅಕ್ಕಿ ತುಂಬಿದ ಗೋಣಿಯನ್ನು ಖಾಲಿ ಮಾಡಿದರೆ ಗೋಣಿ ಸಣ್ಣದಾಗುತ್ತದಾ? ಚರ್ಮದ್ದೂ ಹೆಚ್ಚುಕಡಿಮೆ ಹಾಗೇ. ಚರ್ಮಕ್ಕೆ ಹಿಗ್ಗುವ, ಕುಗ್ಗುವ ಗುಣ ಕೊಡುವುದು ಅದರೊಳಗಿನ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳು. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಈ ನಾರುಗಳು ಹಾಳಾಗಿರುತ್ತವೆ, ಕೊಬ್ಬು ಹೋದರೂ ವಾಪಸ್ ಬಿಗಿಯಾಗುವುದಿಲ್ಲ.

ಎಷ್ಟು ಜೋಲುತ್ತದೆ ಅನ್ನುವುದು ವಯಸ್ಸು, ಎಷ್ಟು ಕಿಲೋ ಇಳಿದಿದೆ, ಎಷ್ಟು ವರ್ಷ ದಪ್ಪ ಇದ್ದಿರಿ, ಸಿಗರೇಟು ಸೇದುತ್ತೀರಾ, ಬಿಸಿಲಲ್ಲಿ ಎಷ್ಟು ಕೆಲಸ ಮಾಡಿದ್ದೀರಿ, ಮನೆತನದ ಚರ್ಮ ಹೇಗೆ ಅನ್ನುವುದರ ಮೇಲೆ ಹೋಗುತ್ತದೆ. 25ರ ಹುಡುಗನಿಗೆ 25 ಕಿಲೋ ಇಳಿದರೆ ಚರ್ಮ ಸುಮಾರಾಗಿ ಹೊಂದಿಕೊಳ್ಳಬಹುದು. 45ರಲ್ಲಿ 50 ಕಿಲೋ ಇಳಿದವರಿಗೆ ಆ ಆಸೆ ಬೇಡ.

ವ್ಯಾಯಾಮ ಮಾಡಿದರೆ ಒಳಗಿನ ಸ್ನಾಯು ತುಂಬಿಕೊಳ್ಳುತ್ತದೆ, ಅದು ಒಳ್ಳೆಯದೇ. ಆದರೆ ಹೆಚ್ಚಾದ ಚರ್ಮ ಅದರಿಂದ ಕರಗುವುದಿಲ್ಲ. ಕ್ರೀಮು, ಎಣ್ಣೆ ಮಸಾಜಿಗೂ ಕರಗುವುದಿಲ್ಲ. ದೊಡ್ಡ ಮಡಿಕೆಗೆ ಕತ್ತರಿಸಿ ಹೊಲಿಯುವುದೇ ದಾರಿ. ಬಟ್ಟೆ ಸಡಿಲ ಆದರೆ ಟೈಲರ್ ಹತ್ತಿರ ಹೋಗುತ್ತೇವಲ್ಲ, ಹಾಗೆ.

ಇದು ಬರೀ ಅಂದದ ವಿಷಯವಾ?

ಹೆಚ್ಚಿನವರು ಹಾಗೇ ತಿಳಿದುಕೊಳ್ಳುತ್ತಾರೆ. "ಜೀವ ಉಳಿಯಿತಲ್ಲ, ಇನ್ನೇನು ಸಿನಿಮಾಕ್ಕೆ ಹೋಗ್ಲಿಕ್ಕುಂಟಾ?" ಅಂತ ರೂಮಿನವರೇ ಗೆಳೆಯನಿಗೆ ಕೇಳಿದ್ದರು. ಆದರೆ ದೋಹಾದ ಆಗಸ್ಟ್, ಸೆಪ್ಟೆಂಬರ್ ತೇವದಲ್ಲಿ ಹೊಟ್ಟೆಯ ಮಡಿಕೆ ಇಟ್ಟುಕೊಂಡು ಗೋದಾಮಿನಲ್ಲಿ ಹತ್ತು ಗಂಟೆ ನಿಂತವನಿಗೆ ಇದು ಅಂದದ ವಿಷಯವಲ್ಲ ಅಂತ ಗೊತ್ತು.

ಚರ್ಮಕ್ಕೆ ಚರ್ಮ ತಾಗಿ, ಬೆವರು ಒಳಗೆ ನಿಂತು, ಉಜ್ಜಿ ಉಜ್ಜಿ ಕೆಂಪಾಗುತ್ತದೆ. ಮೇಲೆ ಫಂಗಸ್ ಬೆಳೆಯುತ್ತದೆ, ವಾಸನೆ ಬರುತ್ತದೆ, ಕೆಲವೊಮ್ಮೆ ಒಡೆದು ಹುಣ್ಣಾಗುತ್ತದೆ. ಶುಗರ್ ಇದ್ದವರಿಗೆ ಬೇಗ ಮಾಯುವುದಿಲ್ಲ. ನಡೆಯುವಾಗ, ನಮಾಜಿನಲ್ಲಿ ಬಾಗುವಾಗ, ಏಣಿ ಹತ್ತುವಾಗ ಮಡಿಕೆ ಎಳೆಯುತ್ತದೆ, ಬೆನ್ನು ನೋಯುತ್ತದೆ. ಎಂಟು ಜನರಿಗೆ ಒಂದೇ ಬಾತ್‌ರೂಮ್ ಇರುವ ಕ್ಯಾಂಪಿನಲ್ಲಿ ದಿನಕ್ಕೆ ಎರಡು ಸಲ ತೊಳೆದು ಒಣಗಿಸಿಕೊಳ್ಳುವುದೂ ಕಷ್ಟ. ಊರಿಗೆ ಹೋದರೆ "ಎಂಥ ಮಾರಾಯಾ, ಹೀಗೆ ಸೊರಗಿದ್ದಿ, ಶುಗರ್ ಉಂಟಾ?" ಅಂತ ಕೇಳುತ್ತಾರೆ. ಹೆಂಡತಿಯ ಎದುರು ಅಂಗಿ ತೆಗೆಯಲೂ ಸಂಕೋಚ ಆಗುತ್ತಿತ್ತು ಅಂತ ಗೆಳೆಯ ನನಗೆ ಆಮೇಲೆ ಹೇಳಿದ.

ಸರ್ಜರಿ ಆಗುವವರೆಗೆ ಮಾಡಬಹುದಾದ್ದು: ಮಡಿಕೆಯನ್ನು ತೊಳೆದು ಒತ್ತಿ ಒಣಗಿಸಿ, ಉಜ್ಜಬೇಡಿ. ಮಡಿಕೆಯ ನಡುವೆ ತೆಳುವಾದ ಹತ್ತಿ ಬಟ್ಟೆ ಇಟ್ಟು ಒದ್ದೆಯಾದಾಗ ಬದಲಿಸಿ. ಫಂಗಸ್ ಔಷಧಿ ಡಾಕ್ಟರ್ ಹೇಳಿದ್ದನ್ನೇ ಹಚ್ಚಿ. ಊರಿನ ಮೆಡಿಕಲ್ ಶಾಪಿನಿಂದ ತರುವ ತುರಿಕೆಯ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಆರಾಮ ಕೊಟ್ಟು ಚರ್ಮವನ್ನೇ ತೆಳ್ಳಗೆ ಮಾಡುತ್ತದೆ, ಫಂಗಸ್ ಮತ್ತೆ ಜೋರಾಗಿ ಬರುತ್ತದೆ. ಪ್ರತಿ ಸಲ ಡಾಕ್ಟರ್‌ಗೆ ತೋರಿಸಿದ ಚೀಟಿ ಇಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಏನೇನು ಸರ್ಜರಿಗಳಿವೆ?

ಇವೆಲ್ಲವನ್ನೂ ಒಟ್ಟಾಗಿ ಬಾಡಿ ಕಾಂಟೂರಿಂಗ್ ಅನ್ನುತ್ತಾರೆ. ಹೆಸರುಗಳ ವ್ಯತ್ಯಾಸ ತಿಳಿದಿರಲಿ, ಬಿಲ್ಲಿನಲ್ಲೂ ಇನ್ಶೂರೆನ್ಸಿನಲ್ಲೂ ಹೆಸರೇ ಮುಖ್ಯ.

- ಪ್ಯಾನಿಕ್ಯುಲೆಕ್ಟಮಿ: ಹೊಟ್ಟೆಯ ಕೆಳಗೆ ಜೋತುಬಿದ್ದ ಚರ್ಮ, ಕೊಬ್ಬಿನ ಮಡಿಕೆಯನ್ನು ಮಾತ್ರ ತೆಗೆಯುವುದು. ಹುಣ್ಣು, ಸೋಂಕಿನ ಕಾರಣಕ್ಕೆ ಮಾಡುವುದು ಇದನ್ನೇ.
- ಅಬ್ಡಾಮಿನೋಪ್ಲಾಸ್ಟಿ, ಅಂದರೆ ಟಮ್ಮಿ ಟಕ್: ಚರ್ಮ ತೆಗೆಯುವುದರ ಜೊತೆಗೆ ಸಡಿಲವಾದ ಹೊಟ್ಟೆಯ ಸ್ನಾಯುವನ್ನು ಬಿಗಿ ಮಾಡಿ, ಹೊಕ್ಕುಳನ್ನು ಸರಿಯಾದ ಜಾಗಕ್ಕೆ ಕೂರಿಸುವುದು.
- ಲೋವರ್ ಬಾಡಿ ಲಿಫ್ಟ್: ಸೊಂಟದ ಸುತ್ತ ಬೆಲ್ಟಿನ ಹಾಗೆ ಕತ್ತರಿಸಿ ಹೊಟ್ಟೆ, ಪಕ್ಕೆ, ಹಿಂಭಾಗ ಎಲ್ಲವನ್ನೂ ಮೇಲೆತ್ತುವುದು. ದೊಡ್ಡ ಸರ್ಜರಿ.
- ತೋಳು, ತೊಡೆಯ ಸರ್ಜರಿ: ತೋಳಿನಲ್ಲಿ ಕಂಕುಳಿನಿಂದ ಮೊಣಕೈವರೆಗೆ, ತೊಡೆಯಲ್ಲಿ ಒಳಭಾಗಕ್ಕೆ ಗೀರು ಉಳಿಯುತ್ತದೆ.
- ಎದೆಯ ಸರ್ಜರಿ: ಹೆಂಗಸರಿಗೆ ಸ್ತನ ಎತ್ತುವುದು, ಗಂಡಸರಿಗೆ ಜೋತುಬಿದ್ದ ಎದೆ ಸಮ ಮಾಡುವುದು.

ಲೈಪೋಸಕ್ಷನ್ ಬೇರೆಯೇ. ಅದು ಪೈಪಿನಿಂದ ಕೊಬ್ಬು ಎಳೆಯುವ ವಿಧಾನ, ಚರ್ಮ ತೆಗೆಯುವುದಿಲ್ಲ. ಜೋತುಬಿದ್ದ ಚರ್ಮಕ್ಕೆ ಅದೊಂದನ್ನೇ ಮಾಡಿಸಿದರೆ ಇನ್ನಷ್ಟು ಜೋತು ಬೀಳಬಹುದು. ಇನ್ನೊಂದು ಮಾತು: ಚರ್ಮ ತೆಗೆಸುವುದು ತೂಕ ಇಳಿಸುವ ಸರ್ಜರಿ ಅಲ್ಲ. ತೂಕ ಕೆಲವೇ ಕಿಲೋ ಕಡಿಮೆ ಆಗುತ್ತದೆ. ಮಡಿಕೆ ಹೋದ ಜಾಗದಲ್ಲಿ ಉದ್ದದ ಗೀರು ಬರುತ್ತದೆ. ಗೀರು ಮಾಸಲು ಒಂದು ವರ್ಷಕ್ಕೂ ಹೆಚ್ಚು ಬೇಕು, ಪೂರ್ತಿ ಅಳಿಯುವುದಿಲ್ಲ. ಮಡಿಕೆಗಿಂತ ಗೀರು ವಾಸಿ ಅನ್ನಿಸಿದವರು ಮಾತ್ರ ಮುಂದೆ ಹೋಗಬೇಕು.

ಯಾವಾಗ ಮಾಡಿಸಬೇಕು?

ಅವಸರ ಬೇಡ. ತೂಕ ಇಳಿಯುವುದು ಸಾಮಾನ್ಯವಾಗಿ ಮೊದಲ ಸರ್ಜರಿಯ ನಂತರ 12ರಿಂದ 18 ತಿಂಗಳಿಗೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ನಿಂತ ಮೇಲೂ ಮೂರರಿಂದ ಆರು ತಿಂಗಳು ಹೆಚ್ಚುಕಡಿಮೆ ಅದೇ ತೂಕ ಇರಬೇಕು. ಮೊದಲೇ ಕತ್ತರಿಸಿದರೆ, ಆಮೇಲೆ ಮತ್ತೆ ಹತ್ತು ಕಿಲೋ ಇಳಿದಾಗ ಚರ್ಮ ಮತ್ತೆ ಜೋಲುತ್ತದೆ. ದುಡ್ಡೂ ಹೋಯಿತು, ಗೀರೂ ಉಳಿಯಿತು. ಬಿಎಂಐ 30ಕ್ಕಿಂತ ಕೆಳಗೆ ಬಂದವರಿಗೆ ತೊಂದರೆಗಳು ಕಡಿಮೆ.

ಹೆಂಗಸರಿಗೆ ಎರಡು ವಿಷಯ. ಬೇರಿಯಾಟ್ರಿಕ್ ಸರ್ಜರಿಯ ನಂತರ 12ರಿಂದ 18 ತಿಂಗಳು ಗರ್ಭ ಧರಿಸಬಾರದು ಅಂತ ಡಾಕ್ಟರ್‌ಗಳು ಹೇಳುತ್ತಾರೆ. ಮಕ್ಕಳು ಬೇಕೆಂದಿದ್ದರೆ ಹೊಟ್ಟೆಯ ಚರ್ಮದ ಸರ್ಜರಿಯನ್ನು ಹೆರಿಗೆಗಳೆಲ್ಲ ಮುಗಿದ ಮೇಲೆ ಇಟ್ಟುಕೊಳ್ಳುವುದು ಲೇಸು.

ಈಗ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಂಡು ತೂಕ ಇಳಿಸುವವರೂ ಇದ್ದಾರೆ. ತುಂಬ ಇಳಿದರೆ ಅವರಿಗೂ ಚರ್ಮದ ಕಥೆ ಇದೇ. ಈ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಯಾವುದೇ ಸರ್ಜರಿಗೆ ಮುಂಚೆ ಅರಿವಳಿಕೆ ಡಾಕ್ಟರ್‌ಗೆ ಕಡ್ಡಾಯವಾಗಿ ಹೇಳಿ.

ಗಂಜಿಯಿಂದ ಗಾಯ ಮಾಯುವುದಿಲ್ಲ

ಬೇರಿಯಾಟ್ರಿಕ್ ಆದವರು ತಿನ್ನುವುದೇ ಸ್ವಲ್ಪ. ಬೈಪಾಸ್ ಆದವರಿಗೆ ತಿಂದದ್ದೂ ಪೂರ್ತಿ ಹೀರುವುದಿಲ್ಲ. ಹೊರಗಿನಿಂದ ಆರೋಗ್ಯವಾಗಿ ಕಂಡರೂ ರಕ್ತದಲ್ಲಿ ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ, ಸತು, ಪ್ರೋಟೀನ್ ಕಡಿಮೆ ಇರಬಹುದು. ಇಷ್ಟುದ್ದ ಗಾಯ ಕೂಡಿಕೊಳ್ಳಬೇಕಾದರೆ ಇವೆಲ್ಲ ಬೇಕು. ಆದ್ದರಿಂದ ಸರ್ಜರಿಗೆ ಎರಡು ಮೂರು ತಿಂಗಳ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದದ್ದನ್ನು ಸರಿ ಮಾಡಿಕೊಳ್ಳಲು ಸಮಯ ಇರಲಿ.

ಬೇರಿಯಾಟ್ರಿಕ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಸಾಮಾನ್ಯ ಸಲಹೆ. ಸರ್ಜರಿ ಸಮಯದಲ್ಲಿ ಇನ್ನೂ ಹೆಚ್ಚು ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ. ನಮ್ಮ ಕರಾವಳಿಯಲ್ಲಿ ಆಪರೇಷನ್ ಆದವರಿಗೆ ಪ್ರೀತಿಯಿಂದ ಕೊಡುವುದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಅದು ಹೊಟ್ಟೆಗೆ ಹಿತ, ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ. ಅಮ್ಮನಿಗೆ, ಹೆಂಡತಿಗೆ ಮೊದಲೇ ಹೇಳಿಡಿ: ಮೊದಲು ಮೀನು, ಮೊಟ್ಟೆ, ಬೇಳೆ, ಹೆಸರುಕಾಳು, ಪನೀರ್, ಮೊಸರು, ಆಮೇಲೆ ಗಂಜಿ.

ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆಯಿಂದ ಪೂರ್ತಿ ಬಂದ್. ಆಮೇಲೂ ಬೇಡ. ನಿಕೋಟಿನ್ ರಕ್ತನಾಳವನ್ನು ಕಿರಿದು ಮಾಡುತ್ತದೆ, ಗಾಯದ ಅಂಚಿನ ಚರ್ಮ ಸತ್ತುಹೋಗಬಹುದು. ಶೀಶಾಕ್ಕೂ ಇದೇ ಮಾತು.

ಅಪಾಯಗಳು

ಮಾತಿನಲ್ಲಿ ಚರ್ಮ ಕತ್ತರಿಸುವುದು ಅಷ್ಟೆ ಅನ್ನಿಸುತ್ತದೆ. ಗಾಯ ಮಾತ್ರ ದೊಡ್ಡದು. ಹೊಲಿಗೆ ಬಿಟ್ಟುಕೊಳ್ಳುವುದು, ಸೋಂಕು, ರಕ್ತ ಶೇಖರವಾಗುವುದು, ಚರ್ಮದ ಕೆಳಗೆ ನೀರು ತುಂಬುವುದು ಇವೆಲ್ಲ ಆಗಬಹುದು. ನೀರು ತುಂಬದಂತೆ ಕೆಲವು ದಿನ ಡ್ರೈನ್ ಪೈಪ್ ಇಡುತ್ತಾರೆ, ವಾರಗಟ್ಟಲೆ ಬಿಗಿ ಬೆಲ್ಟ್ ಹಾಕಿಸುತ್ತಾರೆ.

ಎಲ್ಲಕ್ಕಿಂತ ಹೆದರಬೇಕಾದ್ದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಕ್ಕೆ. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಒಂದು ಕಾಲು ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು ಬಂದರೆ ನಾಳೆ ನೋಡೋಣ ಅನ್ನಬೇಡಿ. ಕತಾರ್‌ನಲ್ಲಾದರೆ 999ಕ್ಕೆ ಕರೆ ಮಾಡಿ, ಊರಲ್ಲಾದರೆ 108ಕ್ಕೆ. ಇದೇ ಕಾರಣಕ್ಕೆ ಹೊಟ್ಟೆ, ತೊಡೆ, ತೋಳು, ಎದೆ ಎಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸುವ ಪ್ಯಾಕೇಜ್ ಅಪಾಯಕಾರಿ. ಸರ್ಜರಿ ಉದ್ದವಾದಷ್ಟೂ ತೊಂದರೆ ಹೆಚ್ಚು. ಎಚ್ಚರದ ಸರ್ಜನ್ ಹಂತ ಹಂತವಾಗಿ, ನಡುವೆ ಕೆಲವು ತಿಂಗಳು ಬಿಟ್ಟು ಮಾಡುತ್ತಾರೆ.

ನಾನು ತಪ್ಪಿದ ಲೆಕ್ಕ: ರಜೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಕತಾರ್‌ನ 2004ರ ಕಾರ್ಮಿಕ ಕಾನೂನು ಸಂಖ್ಯೆ 14ರ ಪ್ರಕಾರ, ಐದು ವರ್ಷಕ್ಕಿಂತ ಕಡಿಮೆ ಸೇವೆಗೆ ವರ್ಷಕ್ಕೆ ಕನಿಷ್ಠ ಮೂರು ವಾರ, ಐದು ವರ್ಷ ಅಥವಾ ಹೆಚ್ಚಿಗೆ ಕನಿಷ್ಠ ನಾಲ್ಕು ವಾರ ವಾರ್ಷಿಕ ರಜೆ. ದೊಡ್ಡ ಹೊಟ್ಟೆಯ ಸರ್ಜರಿಯ ನಂತರ ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರ ಸಾಕಾಗಬಹುದು. ಭಾರ ಎತ್ತುವ ಕೆಲಸಕ್ಕೆ ಆರರಿಂದ ಎಂಟು ವಾರ ಬೇಕು. ನಾನು ಹಾಕಿದ್ದು ಕುರ್ಚಿಯವನ ಲೆಕ್ಕ, ಯಾಕೆಂದರೆ ನಾನು ಕುರ್ಚಿಯವನು. ಗೆಳೆಯ ಕಾರ್ಟನ್ ಎತ್ತುವವನು.

ಕಾಯಿಲೆ ರಜೆ ಬೇರೆ ಇದೆ. ಕೆಲಸಕ್ಕೆ ಸೇರಿ ಮೂರು ತಿಂಗಳಾದ ಮೇಲೆ, ಕಂಪೆನಿ ಒಪ್ಪುವ ಡಾಕ್ಟರ್ ಸರ್ಟಿಫಿಕೇಟ್ ಇದ್ದರೆ, ಮೊದಲ ಎರಡು ವಾರ ಪೂರ್ತಿ ಸಂಬಳ, ನಂತರದ ನಾಲ್ಕು ವಾರ ಅರ್ಧ ಸಂಬಳ, ಆಮೇಲೆ ಸಂಬಳ ಇಲ್ಲ. 12 ವಾರ ಕಳೆದೂ ಕೆಲಸಕ್ಕೆ ಬರಲು ಆಗುವುದಿಲ್ಲ ಅಂತ ಡಾಕ್ಟರ್ ಬರೆದುಕೊಟ್ಟರೆ ಕಂಪೆನಿ ಕೆಲಸದಿಂದ ಬಿಡಿಸಬಹುದು. ತಿಂಗಳಿಗೆ 2,400 ರಿಯಾಲ್ ಸಂಬಳದವನ ಉದಾಹರಣೆ ನೋಡಿ:

- ದಿನಕ್ಕೆ 80 ರಿಯಾಲ್.
- ಮೊದಲ 14 ದಿನ ಪೂರ್ತಿ: 1,120 ರಿಯಾಲ್.
- ನಂತರದ 28 ದಿನ ಅರ್ಧ: 1,120 ರಿಯಾಲ್.
- 42 ದಿನಕ್ಕೆ ಕೈಗೆ ಬರುವುದು 2,240. ಬರಬೇಕಿದ್ದದ್ದು 3,360. ಖೋತಾ 1,120 ರಿಯಾಲ್.

ಊರಿಗೆ ಕಳಿಸುವ ದುಡ್ಡು, ಚಿಟ್ಟಿ ಕಂತು, ಸಾಲದ ಕಂತು ಇವೆಲ್ಲ ಈ ಖೋತಾದ ನಡುವೆಯೂ ನಡೆಯಬೇಕು. ಅದನ್ನು ಮೊದಲೇ ಕೂಡಿಡಬೇಕು.

ಮೊದಲೇ ಗೊತ್ತುಮಾಡಿಕೊಂಡ ಸರ್ಜರಿಗೆ, ಅದೂ ಊರಲ್ಲಿ ಮಾಡಿಸಿದ್ದಕ್ಕೆ, ಕಾಯಿಲೆ ರಜೆ ಕೊಡುತ್ತಾರಾ ಅಂತ ಟಿಕೆಟ್ ತೆಗೆಯುವ ಮುಂಚೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ವಾಪಸ್ ಬಂದ ಮೇಲೆ ಕೆಲವು ವಾರ ಹಗುರ ಕೆಲಸ ಕೊಡಿ ಅಂತ ಸರ್ಜನ್ ಬರೆದ ಪತ್ರ ತನ್ನಿ. ಮನೆಕೆಲಸ, ಅಡುಗೆ, ಮನೆ ಡ್ರೈವರ್ ಕೆಲಸದವರಿಗೆ 2017ರ ಕಾನೂನು ಸಂಖ್ಯೆ 15 ಅನ್ವಯ, ಮೇಲಿನ ಲೆಕ್ಕ ಅವರಿಗೆ ಹಾಗೆಯೇ ಹೊಂದುವುದಿಲ್ಲ. ಗಾಯ ಮಾಯದೆ ಊರಲ್ಲೇ ತಡವಾದರೆ, ಆರು ತಿಂಗಳಿಗಿಂತ ಹೆಚ್ಚು ಕತಾರ್ ಹೊರಗೆ ಉಳಿದರೆ ಆರ್‌ಪಿಗೆ ತೊಂದರೆ ಆಗುತ್ತದೆ ಅನ್ನುವುದೂ ನೆನಪಿರಲಿ.

ಇನ್ಶೂರೆನ್ಸ್ ಮತ್ತು ಬಿಲ್ಲು

ಕಂಪೆನಿ ಕೊಡುವ ಇನ್ಶೂರೆನ್ಸ್ ಕಾರ್ಡ್ ಹಿಡಿದು ಹೋದರೆ ಚರ್ಮದ ಸರ್ಜರಿಗೆ ಸಾಮಾನ್ಯವಾಗಿ ಬರುವ ಉತ್ತರ: ಇದು ಕಾಸ್ಮೆಟಿಕ್, ಕವರ್ ಇಲ್ಲ. ಪಾಲಿಸಿಯ ಮೊದಲ ಪುಟಕ್ಕಿಂತ ಕೊನೆಯ ಪುಟ ಓದಿ. ಏನೇನು ಕೊಡುವುದಿಲ್ಲ ಅನ್ನುವ ಪಟ್ಟಿ ಅಲ್ಲಿರುತ್ತದೆ.

ಊರಿನಲ್ಲಿ ಪಾಲಿಸಿ ಇದ್ದವರು ಗಮನಿಸಿ. ಭಾರತದ ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಈ ಪಟ್ಟಿಯ ಭಾಷೆಯನ್ನು ಎಲ್ಲ ಕಂಪೆನಿಗಳಿಗೂ ಒಂದೇ ಮಾಡಿತು. ಅದರಲ್ಲಿ ಸಂಕೇತ 06 ಬೊಜ್ಜಿನ ಸರ್ಜರಿಯದ್ದು. ಡಾಕ್ಟರ್ ಸಲಹೆ ಇದ್ದು, ವಯಸ್ಸು 18 ದಾಟಿ, ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹೃದಯದ ಕಾಯಿಲೆ, ತೀವ್ರ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಟೈಪ್ 2 ಶುಗರ್ ಥರದ್ದು ಇದ್ದು, ಬೇರೆ ದಾರಿಗಳಲ್ಲಿ ತೂಕ ಇಳಿಯದಿದ್ದರೆ ಅದನ್ನು ಕೊಡಬಹುದು. ಸಂಕೇತ 08 ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಯದ್ದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಸರಿಪಡಿಸುವಿಕೆ, ಅಥವಾ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ತಪ್ಪಿಸಲು ವೈದ್ಯಕೀಯವಾಗಿ ಅಗತ್ಯ ಅಂತ ಚಿಕಿತ್ಸೆ ಕೊಡುವ ಡಾಕ್ಟರ್ ಬರೆದುಕೊಟ್ಟ ಚಿಕಿತ್ಸೆ ಬಿಟ್ಟರೆ ಉಳಿದದ್ದು ಇಲ್ಲ.

ಚರ್ಮದ ಸರ್ಜರಿಗೆ ಇರುವ ಸಣ್ಣ ಬಾಗಿಲು ಈ ಕೊನೆಯ ವಾಕ್ಯವೇ. ಅದು ತೆರೆಯಬೇಕಾದರೆ ದಾಖಲೆ ಬೇಕು: ಹುಣ್ಣಿಗೆ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದ ಚೀಟಿಗಳು, ದಿನಾಂಕ ಇರುವ ಫೋಟೋಗಳು, ತೂಕ ಸ್ಥಿರವಾಗಿದೆ ಅನ್ನುವ ಪಟ್ಟಿ, ಚರ್ಮದ ಡಾಕ್ಟರ್ ಪತ್ರ. ಗೆಳೆಯ ಹುಣ್ಣಿಗೆ ರೂಮಿನಲ್ಲೇ ಮುಲಾಮು ಹಚ್ಚಿಕೊಂಡ, ಒಂದೇ ಒಂದು ಚೀಟಿ ಇರಲಿಲ್ಲ. ಕ್ಲೈಮ್ ತಿರಸ್ಕಾರವಾದಾಗ ವಾದಿಸಲು ಕೈಯಲ್ಲಿ ಏನೂ ಇರಲಿಲ್ಲ. ದಾಖಲೆ ಇದ್ದರೂ ಸಿಕ್ಕೇ ಸಿಗುತ್ತದೆ ಅಂತ ಹೇಳಲಾರೆ. ಇಲ್ಲದಿದ್ದರೆ ಸಿಗುವುದು ಕಷ್ಟ ಅಂತ ಹೇಳಬಲ್ಲೆ. ಸರ್ಜರಿಗೆ ಮುಂಚೆಯೇ ಲಿಖಿತ ಒಪ್ಪಿಗೆ ಕೇಳಿ.

ಬಿಲ್ಲಿನ ಇನ್ನೊಂದು ಸೂಕ್ಷ್ಮ: ಭಾರತದಲ್ಲಿ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಕಾಸ್ಮೆಟಿಕ್ ಸರ್ಜರಿಗೆ ಇಲ್ಲ. ಹಾಗಾಗಿ ಕೊಟೇಶನ್ ತೆಗೆದುಕೊಳ್ಳುವಾಗ ತೆರಿಗೆ ಸೇರಿದೆಯಾ ಕೇಳಿ. ಜೊತೆಗೆ ಸರ್ಜನ್, ಅರಿವಳಿಕೆ, ಓಟಿ, ರೂಮು, ಬೆಲ್ಟು, ಔಷಧಿ, ಮುಂದಿನ ಡ್ರೆಸ್ಸಿಂಗ್, ಹೊಲಿಗೆ ಬಿಟ್ಟರೆ ಮರು ಸರ್ಜರಿ ಇವು ಒಳಗಿವೆಯಾ ಹೊರಗಿವೆಯಾ ಅಂತ ಒಂದೊಂದಾಗಿ ಬರೆಸಿಕೊಳ್ಳಿ. ಇದರ ಮೇಲೆ ಶೇಕಡಾ 20ರಿಂದ 25 ತೊಂದರೆಗೆ ಅಂತ ಬೇರೆ ತೆಗೆದಿಡಿ. ಇದು ಅಕೌಂಟೆಂಟ್ ಸಲಹೆ.

ಎಲ್ಲಿ, ಯಾರ ಹತ್ತಿರ?

ಕತಾರ್‌ನಲ್ಲಿ ಸರಕಾರಿ ದಾರಿಯಲ್ಲಿ ಹೋಗುವವರು ಹೆಲ್ತ್ ಕಾರ್ಡ್ ಹಿಡಿದು ಮೊದಲು ಹೆಲ್ತ್ ಸೆಂಟರ್‌ಗೆ ಹೋಗಿ, ಅಲ್ಲಿಂದ ರೆಫರ್ ಆಗಬೇಕು. ಒಂಟಿಯಾಗಿರುವ ಕಾರ್ಮಿಕರಿಗೆ ಕತಾರ್ ರೆಡ್ ಕ್ರೆಸೆಂಟ್ ನಡೆಸುವ ಕಾರ್ಮಿಕರ ಹೆಲ್ತ್ ಸೆಂಟರ್‌ಗಳಿವೆ. ಹುಣ್ಣು, ಸೋಂಕಿಗೆ ಕನಿಷ್ಠ ಅಲ್ಲಿಯಾದರೂ ತೋರಿಸಿ, ದಾಖಲೆಯೂ ಆಗುತ್ತದೆ. ಖಾಸಗಿ ಡಾಕ್ಟರ್ ಆದರೆ ಆರೋಗ್ಯ ಸಚಿವಾಲಯದ ಲೈಸೆನ್ಸ್ ಪ್ಲಾಸ್ಟಿಕ್ ಸರ್ಜರಿಗೇ ಇದೆಯಾ ನೋಡಿ.

ಊರಲ್ಲಾದರೆ ಮಂಗಳೂರು, ಮಣಿಪಾಲ, ಬೆಂಗಳೂರಿನ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇರಬೇಕು. ಬ್ಯೂಟಿ ಕ್ಲಿನಿಕ್ ಬೋರ್ಡ್ ನೋಡಿ ಮರುಳಾಗಬೇಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅವರದ್ದು ಬೇರಿಯಾಟ್ರಿಕ್ ನಂತರದ ಸರ್ಜರಿ ಅಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ: ಇಲ್ಲಿ ಐಸಿಯು ಇದೆಯಾ? ಅರಿವಳಿಕೆ ತಜ್ಞರು ಕೊನೆತನಕ ಇರುತ್ತಾರಾ? ರಕ್ತ ಬೇಕಾದರೆ ಎಲ್ಲಿಂದ? ರಾತ್ರಿ ಎರಡಕ್ಕೆ ತೊಂದರೆ ಆದರೆ ಯಾರು ಬರುತ್ತಾರೆ? ಬೇರಿಯಾಟ್ರಿಕ್ ಆದವರಿಗೆ ಈ ಸರ್ಜರಿ ಎಷ್ಟು ಮಾಡಿದ್ದೀರಿ? ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರ್ ಬೇಡ. ಮನೆಯವರಿಗೆ ಹೇಳದೆ ಗುಟ್ಟಾಗಿ ಹೋಗುವುದಂತೂ ಬೇಡವೇ ಬೇಡ.

ವಾಪಸ್ ಬರುವಾಗ

ಊರಿನಿಂದ ದೋಹಾಕ್ಕೆ ಸುಮಾರು ನಾಲ್ಕು ಗಂಟೆ ಕೂತು ಬರಬೇಕು. ರಕ್ತ ಹೆಪ್ಪುಗಟ್ಟುವ ಅಪಾಯ ಇರುವುದರಿಂದ ಸರ್ಜನ್ ಲಿಖಿತವಾಗಿ ಒಪ್ಪಿದ ಮೇಲೆಯೇ ಟಿಕೆಟ್. ವಿಮಾನದಲ್ಲಿ ನೀರು ಕುಡಿಯಿರಿ, ಎದ್ದು ನಡೆಯಿರಿ, ಡಾಕ್ಟರ್ ಹೇಳಿದ್ದರೆ ಬಿಗಿ ಸಾಕ್ಸ್ ಹಾಕಿ. ಹ್ಯಾಂಡ್‌ಬ್ಯಾಗ್ ಮೇಲಿನ ಶೆಲ್ಫಿಗೆ ಎತ್ತಲು ಬೇರೆಯವರ ಸಹಾಯ ಕೇಳಿ.

ಮಾತ್ರೆಯ ವಿಷಯದಲ್ಲಿ ಬಹಳ ಜಾಗ್ರತೆ. ಭಾರತದಲ್ಲಿ ಸರ್ಜರಿ ನಂತರ ಕೊಡುವ ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್, ಕೋಡೀನ್ ಇರಬಹುದು, ನರದ ನೋವಿಗೆ ಪ್ರೆಗಾಬಲಿನ್ ಕೊಡಬಹುದು. ಇವು ಕತಾರ್‌ನಲ್ಲಿ ನಿಯಂತ್ರಿತ ಔಷಧಿಗಳು. ಹಮದ್ ಏರ್‌ಪೋರ್ಟಿನಲ್ಲಿ ಸರಿಯಾದ ಕಾಗದ ಇಲ್ಲದೆ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗುತ್ತದೆ. "ನಾನು ಕತಾರ್‌ಗೆ ಹೋಗುವವನು, ಅಲ್ಲಿ ನಿಯಂತ್ರಣ ಇಲ್ಲದ ಮಾತ್ರೆ ಕೊಡಿ" ಅಂತ ಡಾಕ್ಟರ್‌ಗೆ ಹೇಳಿ. ಪೊಟ್ಟಣದ ಮೇಲಿನ ಹೆಸರಲ್ಲ, ಒಳಗಿನ ಔಷಧಿಯ ಹೆಸರು ಓದಿ. ಬೇರೆಯವರ ಮಾತ್ರೆಯ ಪೊಟ್ಟಣ ಹೊತ್ತು ತರಬೇಡಿ. ಬೈಪಾಸ್ ಆದವರು ಐಬುಪ್ರೊಫೆನ್, ಡಿಕ್ಲೋಫೆನಾಕ್ ಥರದ ಮಾತ್ರೆಗಳನ್ನು ತಾವಾಗಿ ನುಂಗಬಾರದು, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ಸಹಿ, ಸೀಲು ಸಮೇತ ತನ್ನಿ. ಇಲ್ಲಿ ಹೊಲಿಗೆ ಬಿಟ್ಟರೆ ನೋಡುವ ಡಾಕ್ಟರ್‌ಗೆ ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಾಗಬೇಕಲ್ಲ.

ಮೊದಲ ದಿನವೇ ಎರಡು ಕಾಲಮ್

ತೂಕದ ಸರ್ಜರಿಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಗೆಳೆಯನ ಶುಗರ್ ನಿಂತದ್ದು ನಾನೇ ಕಣ್ಣಾರೆ ನೋಡಿದ್ದೇನೆ. ನಾನು ಹೇಳುವುದು ಇಷ್ಟೇ: ಮೊದಲ ಸರ್ಜರಿಯ ಲೆಕ್ಕ ಬರೆಯುವ ದಿನವೇ ಪಕ್ಕದಲ್ಲಿ ಎರಡನೆಯದರ ಕಾಲಮ್ ಎಳೆಯಿರಿ. ಅದರಲ್ಲಿ ಐದು ಸಾಲು:

1. ದುಡ್ಡು: ಕೊಟೇಶನ್, ತೆರಿಗೆ, ತೊಂದರೆಗೆ ತೆಗೆದಿಟ್ಟದ್ದು, ಸಂಬಳದ ಖೋತಾ.
2. ದಿನ: ನಿಮ್ಮ ಕೆಲಸಕ್ಕೆ ತಕ್ಕ ವಿಶ್ರಾಂತಿ, ಬೇರೆಯವರ ಕೆಲಸಕ್ಕೆ ತಕ್ಕದ್ದಲ್ಲ.
3. ದೇಹ: ತೂಕ ನಿಂತಿದೆಯಾ, ರಕ್ತ ಪರೀಕ್ಷೆ, ಪ್ರೋಟೀನ್, ಸಿಗರೇಟು.
4. ದಾಖಲೆ: ಚೀಟಿ, ಫೋಟೋ, ಪತ್ರ.
5. ಜನ: ಸರ್ಜರಿ ದಿನ ಜೊತೆಗೆ ಯಾರು, ವಾಪಸ್ ಬಂದ ಮೇಲೆ ಬಕೆಟ್ ನೀರು ಎತ್ತಿಕೊಡುವವರು ಯಾರು.

ಎರಡನೇ ಕಾಲಮ್ ಕೊನೆಗೆ ಖಾಲಿ ಉಳಿದರೂ ನಷ್ಟ ಇಲ್ಲ. ಎಲ್ಲರಿಗೂ ಆ ಸರ್ಜರಿ ಬೇಕಾಗುವುದಿಲ್ಲ. ಸಡಿಲ ಚರ್ಮದ ಜೊತೆಗೇ ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಗೆಳೆಯನ ಗಾಯ ಈಗ ಪೂರ್ತಿ ಮಾಯ್ದಿದೆ. ಹೊಲಿಗೆ ಬಿಟ್ಟ ಜಾಗದಲ್ಲಿ ಮಾತ್ರ ಗೀರು ಅಗಲವಾಗಿದೆ. ಆಗಸ್ಟ್ ಬಂದರೂ ಈಗ ಹುಣ್ಣಿಲ್ಲ. ತೋಳಿನ ಚರ್ಮವನ್ನೂ ತೆಗೆಸಬೇಕು ಅಂತ ಮೊನ್ನೆ ಕೇಳಿದ. ನಾನು ನೀಲಿ ಫೈಲು ತೆಗೆದು ಹೊಸ ಹಾಳೆ ಹಾಕಿದೆ. ಈ ಸಲ ಮೊದಲ ಸಾಲಿನಲ್ಲಿ ದುಡ್ಡು ಬರೆಯಲಿಲ್ಲ. "ಕಾರ್ಟನ್ ಎತ್ತುವ ಕೆಲಸ, ಎಷ್ಟು ವಾರ ಬೇಕು, ಸರ್ಜನ್ ಹತ್ತಿರ ಕೇಳುವುದು" ಅಂತ ಬರೆದೆ.